ಹಿಡಿ ಅಪ್ಪನದು, ಅಲಗು ಹೊಸದು

ಹಳೆಯ ಕ್ಷೌರದ ಕತ್ತಿಯ ಅಲಗನ್ನು ಅದರ ಹಿಡಿಯೇ ತಿಂದುಹಾಕುತ್ತದೆ ಎಂದರೆ ಯಾರೂ ಒಮ್ಮೆಗೇ ನಂಬುವುದಿಲ್ಲ. ಎಣ್ಣೆ ಸವರಿ, ಬಟ್ಟೆ ಸುತ್ತಿ, ನೀರು ಸೋಕದ ಹಾಗೆ ಪೆಟ್ಟಿಗೆಯೊಳಗೆ ಇಟ್ಟ ಕತ್ತಿ. ಹತ್ತಿಪ್ಪತ್ತು ವರ್ಷ ಬಿಟ್ಟು ತೆಗೆದರೆ ಬೆನ್ನೂ ಬಾಲವೂ ಹೊಳೆಯುತ್ತಿರುತ್ತವೆ. ಹಿಡಿಯೊಳಗೆ ಮಡಚಿಕೊಂಡಿದ್ದ ಭಾಗದಲ್ಲಿ ಮಾತ್ರ ಕೆಂಪು ತುಕ್ಕು, ಬಾಯಿಯ ಉದ್ದಕ್ಕೂ ಹುಳು ಕೊರೆದಂಥ ಸಣ್ಣ ಗುಳಿಗಳು. ಹಿತ್ತಾಳೆಯ ಮೊಳೆಗಳ ಸುತ್ತ ಹಸಿರು ಕಿಲುಬು. ಹಿಡಿಯನ್ನು ಮೂಗಿನ ಹತ್ತಿರ ತಂದರೆ ಕರ್ಪೂರದ ವಾಸನೆ, ಅದರ ಹಿಂದೆಯೇ ಗಂಟಲು ಕೆರೆಯುವ ಹುಳಿ ವಾಸನೆ.

ಆ ಹಿಡಿ ಸೆಲ್ಯುಲಾಯ್ಡಿನದು. ಹತ್ತಿಯ ನಾರನ್ನು ನೈಟ್ರಿಕ್ ಆಮ್ಲದಲ್ಲಿ ಪಳಗಿಸಿ, ಅದಕ್ಕೆ ಕರ್ಪೂರ ಬೆರೆಸಿ ಮಾಡಿದ ವಸ್ತು. ಅಮೆರಿಕದ ಜಾನ್ ವೆಸ್ಲಿ ಹಯಾಟ್ 1870ರ ಹೊತ್ತಿಗೆ ಅದನ್ನು ಬಳಕೆಗೆ ತಂದರು. ದಂತದ ಹಾಗೆ, ಆಮೆಯ ಚಿಪ್ಪಿನ ಹಾಗೆ, ಮುತ್ತಿನ ಚಿಪ್ಪಿನ ಹಾಗೆ ಯಾವ ರೂಪ ಬೇಕಾದರೂ ಕೊಡಬಹುದಾಗಿದ್ದರಿಂದ ಜರ್ಮನಿಯ ಜೋಲಿಂಗನ್‌ನಲ್ಲೂ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲೂ ಕತ್ತಿ ಮಾಡುವವರು ಅದಕ್ಕೆ ಮಾರುಹೋದರು. ವಯಸ್ಸಾದಂತೆ ಅದು ಒಳಗೊಳಗೇ ಕೊಳೆಯುತ್ತದೆ, ಕೊಳೆಯುತ್ತ ಆಮ್ಲದ ಹಬೆ ಬಿಡುತ್ತದೆ. ಆ ಹಬೆಗೆ ಮೊದಲು ಸಿಗುವುದು ಪಕ್ಕದಲ್ಲೇ ಮಲಗಿರುವ ಉಕ್ಕು. ಆ ಕಾಲದ ಸಿನಿಮಾ ರೀಲುಗಳೂ ಇದೇ ಕುಲದವು, ಬೆಂಕಿಗೂ ಕೊಳೆತಕ್ಕೂ ಬಲುಬೇಗ ಬಲಿಯಾಗುವಂಥವು. ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಗೆ ಬಂತು. ಇಂದು ಅದರ ಒಂದು ಪ್ರತಿಯೂ ನಮ್ಮ ಕೈಯಲ್ಲಿಲ್ಲ.

ಹೀಗಾಗಿ ಹಳೆಯ ಕತ್ತಿಗೆ ಹೊಸ ಹಿಡಿ ಹಾಕುವುದು ಶೋಕಿಯ ಕೆಲಸವಲ್ಲ. ಎಷ್ಟೋ ಸಲ ಅಲಗು ಉಳಿಯಬೇಕಾದರೆ ಅದೊಂದೇ ದಾರಿ. ಇದರ ತಿರುಗು ಮುರುಗಾದ ದಾರಿಯೂ ಒಂದಿದೆ, ಅಲಗನ್ನು ಬಿಟ್ಟು ಹಿಡಿಯನ್ನು ಉಳಿಸಿಕೊಳ್ಳುವುದು. ಅದನ್ನು ನಾನು ಕಂಡದ್ದು ಕರ್ನಾಟಕದಲ್ಲಲ್ಲ, ತಮಿಳುನಾಡಿನ ತೇನಿ ಜಿಲ್ಲೆಯ ತೇವಾರಂನಲ್ಲಿ.

ತೇವಾರಂನ ಕನ್ನಡ, ತೇವಾರಂನ ಕತ್ತಿ

ಪಶ್ಚಿಮ ಘಟ್ಟದ ಬುಡದಲ್ಲಿ, ಕಂಬಂ ಕಣಿವೆಯ ಪಡುವಣ ಅಂಚಿನಲ್ಲಿರುವ ಪುಟ್ಟ ಪೇಟೆ ತೇವಾರಂ. ಒಂದು ಕಡೆ ಏಲಕ್ಕಿಯ ಪೇಟೆ ಬೋಡಿನಾಯಕನೂರು, ಇನ್ನೊಂದು ಕಡೆ ನಾಯಿ ತಳಿಗೆ ಹೆಸರಾದ ಕೋಂಬೈ. ಇಳಯರಾಜ ಹುಟ್ಟಿದ ಪನ್ನೈಪುರಂ ಕೂಡ ಪಕ್ಕದಲ್ಲೇ. ಬೆಳಗಿನ ಜಾವಕ್ಕೇ ಈ ಊರುಗಳಿಂದ ಜೀಪುಗಳು ಕೂಲಿಯಾಳುಗಳನ್ನು ತುಂಬಿಕೊಂಡು ಘಟ್ಟ ಹತ್ತಿ ಕೇರಳದ ಏಲಕ್ಕಿ ತೋಟಗಳಿಗೆ ಹೊರಡುತ್ತವೆ. ಕೆಳಗಿನ ಬಯಲಿಗೆ 1895ರಲ್ಲಿ ಮುಗಿದ ಮುಲ್ಲೈ ಪೆರಿಯಾರ್ ಅಣೆಕಟ್ಟಿನ ನೀರು; ಅದರಿಂದಲೇ ಇಲ್ಲಿನ ಭತ್ತ, ಬಾಳೆ, ದ್ರಾಕ್ಷಿ.

ಈ ಕಣಿವೆಯಲ್ಲಿ ಮನೆಯೊಳಗೆ ಕನ್ನಡ ಆಡುವ ಒಕ್ಕಲು ಜನ ತಲೆತಲಾಂತರದಿಂದ ಇದ್ದಾರೆ. ಅವರನ್ನು ಕಪ್ಪಿಲಿಯರು ಎನ್ನುತ್ತಾರೆ. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ನರ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಸಂಪುಟಗಳಲ್ಲಿ ಅವರು ಕನ್ನಡದ ಬೇಸಾಯಗಾರರೆಂದೇ ದಾಖಲಾಗಿದ್ದಾರೆ. ಕಂಬಂ ಊರಿನ ನಂದಗೋಪಾಲನ ತಂಬಿರಾನ್ ತೊಳುವಿನಲ್ಲಿ, ಅಂದರೆ ದೊಡ್ಡಿಯಲ್ಲಿ, ದೇವರ ದನಗಳ ಹಿಂಡನ್ನು ಸಾಕುವವರೂ ಇವರೇ. ಮಾಟ್ಟು ಪೊಂಗಲ್ ದಿನ ಆ ಹಿಂಡನ್ನೂ ಅದರ ಪಟ್ಟದ ಹೋರಿಯನ್ನೂ ನೋಡಲು ಕಣಿವೆಯ ಜನ ಮುಗಿಬೀಳುತ್ತಾರೆ. ಓದುಬರಹವೆಲ್ಲ ತಮಿಳಿನಲ್ಲಿ, ಮನೆಯ ಮಾತು ಮಾತ್ರ ಕನ್ನಡ.

ನಾನು ಹೋಗಿದ್ದು ಆ ಮಾತನ್ನು ಕೇಳಲು. ಪೇಟೆಬೀದಿಯ ಒಂದು ಕ್ಷೌರದಂಗಡಿಯಲ್ಲಿ ಅದು ನನ್ನ ಕಿವಿಗೆ ಬಿತ್ತು. ಅಂಗಡಿಯ ಹಿರಿಯರ ಮನೆಮಾತು ತಮಿಳು. ಅವರ ಅಪ್ಪ, ತಾತ ಹಡಪ ಹಿಡಿದು ಕಪ್ಪಿಲಿಯರ ಮನೆಮನೆಗೆ ಹೋಗಿ ಜಗಲಿಯಲ್ಲಿ ಕ್ಷೌರ ಮಾಡಿ, ಸುಗ್ಗಿಯಲ್ಲಿ ದವಸ ಪಡೆಯುತ್ತಿದ್ದರಂತೆ. ಆ ಮನೆಗಳಲ್ಲಿ ಆಡಿ ಬೆಳೆದ ಹುಡುಗನಿಗೆ ಕನ್ನಡ ತಾನಾಗಿ ಬಂತು. ಗಿರಾಕಿ ಕನ್ನಡದವರಾದರೆ ಈಗಲೂ ಅವರ ಮಾತು ಕನ್ನಡಕ್ಕೆ ಹೊರಳುತ್ತದೆ. ಅರ್ಧ ತಮಿಳು ಬೆರೆತ, ನಮ್ಮ ಕಿವಿಗೆ ಹಳೆಯದೆನಿಸುವ ಕನ್ನಡ ಅದು.

ಅವರ ಕೈಯಲ್ಲಿದ್ದ ಕತ್ತಿಯನ್ನು ನೋಡಿ ನಾನು ಕುಳಿತಲ್ಲೇ ತಿರುಗಿದೆ. ಅಲಗು ಇಂದಿನ ಮಾದರಿಯದು, ಅರ್ಧ ಬ್ಲೇಡು ತೂರಿಸಿ ಕೂರಿಸುವ ತುಕ್ಕು ಹಿಡಿಯದ ಉಕ್ಕಿನ ಪಟ್ಟಿ. ಯಾವ ಊರಿನ ಸಾಮಾನಿನಂಗಡಿಯಲ್ಲಾದರೂ ಸಿಗುತ್ತದೆ. ಹಿಡಿ ಮಾತ್ರ ಕಪ್ಪು ಎಮ್ಮೆಕೊಂಬಿನದು. ಅಲ್ಲಲ್ಲಿ ಜೇನುಬಣ್ಣದ ಎಳೆ. ಬೆರಳು ಕೂರುವ ಕಡೆ ಸವೆದು ಸಣ್ಣಗೆ ತಗ್ಗಾಗಿತ್ತು.

“ಈ ಹಿಡಿ ಎಲ್ಲಿಯದು ತಾತಾ?” ಎಂದೆ.

“ನಮ್ಮಪ್ಪಂದು. ಅಲಗು ಹೊಸದು” ಎಂದರು. “ಹಳೇ ಅಲಗನ್ನ ಗಿರಾಕಿಗೆ ಹಾಕೋ ಹಾಗಿಲ್ಲ, ಹಾಕಲೂಬಾರದು. ಹಿಡಿ ಯಾಕೆ ಬಿಡಲಿ? ಕೈಗೆ ಗೊತ್ತಿರೋದು ಹಿಡಿ ತಾನೇ, ತಮ್ಮಾ.”

ಹೊಸ ಕತ್ತಿಯ ಜೊತೆ ಬಂದ ಪ್ಲಾಸ್ಟಿಕ್ ಹಿಡಿ ತಿರುಗು ಮೊಳೆಯ ಹತ್ತಿರ ಸೀಳಿತ್ತಂತೆ. ಅದನ್ನು ಎಸೆದು, ಅಪ್ಪನ ಕತ್ತಿಯ ಕೊಂಬಿನ ಹಿಡಿಯನ್ನು ಬಿಚ್ಚಿಸಿ ಹೊಸ ಅಲಗಿಗೆ ಹೊಂದಿಸಿಕೊಂಡಿದ್ದಾರೆ. ಅಪ್ಪನ ಅಲಗನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಬೇರೆ ಇಟ್ಟಿದ್ದಾರೆ. ಮಡಚುವ ಕತ್ತಿ ಎಂದರೆ ಒಂದು ಮೊಳೆ ತೆಗೆದರೆ ಎರಡಾಗುವ ವಸ್ತು ಎಂಬುದನ್ನು ಅಷ್ಟು ನಿಚ್ಚಳವಾಗಿ ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಅಲಗು ಅಂಗಡಿ ಬಿಟ್ಟ ಕಥೆ

ಮಸೆಯುವ ಅಲಗು ಅಂಗಡಿಗಳಿಂದ ಹೊರಬಿದ್ದದ್ದು ಒಂದೇ ಏಟಿಗಲ್ಲ. ಕಿಂಗ್ ಜಿಲೆಟ್ ಎಸೆಯುವ ಬ್ಲೇಡಿನ ರೇಜರನ್ನು 1903ರಲ್ಲಿ ಮಾರಾಟಕ್ಕಿಟ್ಟ. ಮರುವರ್ಷ ಅದಕ್ಕೆ ಪೇಟೆಂಟು ಸಿಕ್ಕಿತು. ಅದು ಮನೆಗಳಿಗೆ ಬಂದು ಗಂಡಸರು ತಮ್ಮ ಗಡ್ಡ ತಾವೇ ತೆಗೆದುಕೊಳ್ಳತೊಡಗಿದರೂ ಕ್ಷೌರದಂಗಡಿಯೊಳಗೆ ಕತ್ತಿಯದೇ ರಾಜ್ಯವಾಗಿತ್ತು. ಒಂದೇ ಅಲಗು, ಸಾಣೆಕಲ್ಲು, ಗೋಡೆಗೆ ಇಳಿಬಿಟ್ಟ ಚರ್ಮದ ಪಟ್ಟಿ, ಅದೂ ಇಲ್ಲದಿದ್ದರೆ ಅಂಗೈ. ಒಬ್ಬರ ಕೆನ್ನೆಯಿಂದ ಇನ್ನೊಬ್ಬರ ಕೆನ್ನೆಗೆ ಅದೇ ಅಲಗು ಹೋಗುತ್ತಿತ್ತು.

1986ರಲ್ಲಿ ಮದ್ರಾಸ್ ವೈದ್ಯಕೀಯ ಕಾಲೇಜಿನ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಡಾ. ಸೆಲ್ಲಪ್ಪನ್ ನಿರ್ಮಲಾ ಭಾರತದಲ್ಲಿ ಮೊದಲ ಬಾರಿಗೆ ಎಚ್‌ಐವಿ ಸೋಂಕನ್ನು ಪತ್ತೆ ಮಾಡಿದರು. ಮುಂದಿನ ವರ್ಷಗಳಲ್ಲಿ ಊರೂರಿನ ಗೋಡೆಗಳ ಮೇಲೆ ಏಡ್ಸ್ ಎಚ್ಚರಿಕೆಯ ಬರಹ ಬಂತು. ಕ್ಷೌರದ ಕುರ್ಚಿಯಲ್ಲಿ ಕುಳಿತವರು “ಹೊಸ ಬ್ಲೇಡು ಹಾಕಿ” ಎಂದು ಕೇಳುವುದೂ ಶುರುವಾಯಿತು. ಕತ್ತಿಯಿಂದ ಆದ ಸಣ್ಣ ಗಾಯದ ಮೂಲಕ ಕಾಮಾಲೆಯ ಹೆಪಟೈಟಿಸ್ ಬಿ ಕೂಡ ಹರಡಬಲ್ಲುದು. ಅಂಗಡಿಯವರು ಎರಡು ಬಾಯಿಯ ಬ್ಲೇಡನ್ನು ಕಾಗದದ ಸಮೇತ ನಡುವೆ ಮುರಿದು, ತಲೆಗೊಂದು ಅರ್ಧ ಹಾಕುವ ರೂಢಿಗೆ ಬಂದರು. ಇದು ಒಳ್ಳೆಯ ಬದಲಾವಣೆ. ಹಳೆಯ ಕತ್ತಿಯ ಮೇಲಿನ ಪ್ರೀತಿಯಲ್ಲಿ ಇದನ್ನು ಯಾರೂ ಮರೆಯಬಾರದು: ಹಲವರಿಗೆ ಒಂದೇ ಅಲಗು ಎಂಬ ಕಾಲ ಮುಗಿದದ್ದು ಸರಿಯಾಗಿಯೇ ಮುಗಿದಿದೆ.

ದಿಂಡುಗಲ್ ಜಿಲ್ಲೆಯ ಪಳನಿಯಲ್ಲಿ ಇದು ಇನ್ನೂ ಸ್ಪಷ್ಟ. ಮುರುಗನಿಗೆ ಮುಡಿ ಕೊಡುವ ಹರಕೆ ಹೊತ್ತು ಬರುವವರ ಸಾಲು ಅಲ್ಲಿ ಬೆಳಗಿನಿಂದ ಕತ್ತಲವರೆಗೂ ಕರಗುವುದಿಲ್ಲ. 2021ರ ಸೆಪ್ಟೆಂಬರಿನಲ್ಲಿ ತಮಿಳುನಾಡು ಸರ್ಕಾರ ದೇವಸ್ಥಾನಗಳಲ್ಲಿ ಮುಡಿ ತೆಗೆಯುವುದಕ್ಕೆ ಶುಲ್ಕ ಇಲ್ಲವೆಂದು ಸಾರಿತು. ಆ ಕೆಲಸ ಮಾಡುವವರಿಗೆ ತಿಂಗಳಿಗೆ 5,000 ರೂಪಾಯಿ ಪ್ರೋತ್ಸಾಹಧನವನ್ನೂ ಘೋಷಿಸಿತು. ಆ ಪಾಟಿ ತಲೆಗಳ ಮೇಲೆ ಮಸೆದ ಅಲಗು ಆಡುವುದನ್ನು ಇಂದು ಊಹಿಸಲಾಗದು. ಬ್ಲೇಡು ಬದಲಾಗುತ್ತಲೇ ಇರಬೇಕು. ಹಿಡಿ ಮಾತ್ರ ದಿನವಿಡೀ ಅದೇ ಮುಷ್ಟಿಯಲ್ಲಿ ಇರುತ್ತದೆ.

ಹಾಗಾದರೆ ಮಸೆಯುವ ಅಲಗು ಯಾರಿಗೆ? ತನ್ನ ಗಡ್ಡವನ್ನು ತಾನೇ ತೆಗೆದುಕೊಳ್ಳುವವರಿಗೆ. ಒಬ್ಬರ ಮುಖ, ಒಂದು ಅಲಗು ಎಂದಾಗ ಸೋಂಕಿನ ಮಾತೇ ಬರುವುದಿಲ್ಲ. ಒಳ್ಳೆಯ ಅಲಗು ಒಂದು ಜೀವಮಾನ ಸಾಲದಷ್ಟು ಬಾಳುತ್ತದೆ. ಜೋಲಿಂಗನ್ ಊರಿನ ಹೆಸರನ್ನು ಬೇರೆಯವರು ತಮ್ಮ ಸರಕಿನ ಮೇಲೆ ಒತ್ತದಂತೆ 1938ರಲ್ಲಿ ಜರ್ಮನಿಯಲ್ಲಿ ಕಾನೂನೇ ಆಯಿತು, ಅಷ್ಟು ಬೆಲೆ ಆ ಉಕ್ಕಿಗೆ. ಇನ್ನೂ ಹಿಂದೆ ಹೋದರೆ ಆ ಕೀರ್ತಿ ನಮ್ಮ ಕಡೆಯದು. ದಕ್ಷಿಣ ಭಾರತದ ಮೂಸೆಯ ಉಕ್ಕಿನ ತುಂಡುಗಳನ್ನು ಪರೀಕ್ಷಿಸಿ ಜಾರ್ಜ್ ಪಿಯರ್ಸನ್ 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಪ್ರಬಂಧ ಮಂಡಿಸಿದರು. ಅಲ್ಲಿಯ ಕತ್ತಿಕೆಲಸದ ಜೇಮ್ಸ್ ಸ್ಟೋಡರ್ಟ್ ಆ ಉಕ್ಕನ್ನೇ ಮೆಚ್ಚಿ ಬಳಸಿದರು. ಮುಂದೆ ಅವರೂ ಮೈಕೆಲ್ ಫ್ಯಾರಡೆಯೂ ಸೇರಿ ಉಕ್ಕಿನ ಮಿಶ್ರಣಗಳ ಪ್ರಯೋಗ ನಡೆಸಿದರು. ಫ್ಯಾರಡೆ ತಮ್ಮ ಉಕ್ಕಿನಿಂದ ಮಾಡಿಸಿದ ಕ್ಷೌರದ ಕತ್ತಿಗಳನ್ನು ಗೆಳೆಯರಿಗೆ ಕೊಡುಗೆಯಾಗಿ ಕಳಿಸುತ್ತಿದ್ದರು.

ಮೊಳೆ ಬಿಚ್ಚುವ ಮೊದಲು

ಮಡಚುವ ಕತ್ತಿಯ ಹಿಡಿಯಲ್ಲಿ ಇರುವುದು ಇಷ್ಟೇ: ಎರಡು ತೆಳುವಾದ ಪಟ್ಟಿಗಳು, ಅಲಗು ತಿರುಗುವ ಕಡೆ ಒಂದು ಮೊಳೆ, ಇನ್ನೊಂದು ತುದಿಯಲ್ಲಿ ಒಂದು ಬೆಣೆ, ಆ ಬೆಣೆಯನ್ನು ಹಿಡಿದಿರುವ ಮತ್ತೊಂದು ಮೊಳೆ. ಕೆಲವದರಲ್ಲಿ ನಡುವೆ ಮೂರನೆಯ ಮೊಳೆಯೂ ಇರುತ್ತದೆ. ಈ ಐದಾರು ತುಂಡುಗಳಲ್ಲಿ ಬುದ್ಧಿಯೆಲ್ಲ ಇರುವುದು ಬೆಣೆಯಲ್ಲಿ. ಅದು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಅದರಿಂದಾಗಿ ಎರಡು ಪಟ್ಟಿಗಳು ಬಿಲ್ಲಿನ ಹಾಗೆ ಸ್ವಲ್ಪ ಬಾಗಿ ನಿಂತು ಅಲಗಿನ ಬುಡವನ್ನು ಎರಡು ಕಡೆಯಿಂದಲೂ ಒತ್ತಿ ಹಿಡಿಯುತ್ತವೆ. ಬೆಣೆ ಸೊಟ್ಟಗಿದ್ದರೆ ಅಲಗು ಮುಚ್ಚುವಾಗ ಒಂದು ಪಟ್ಟಿಗೆ ತಾಗುತ್ತದೆ, ತಾಗಿದ ಕಡೆ ಬಾಯಿ ಒಡೆಯುತ್ತದೆ. ಹಿಡಿ ಮಾಡಿಸುವ ಹೊಸಬರು ಪಟ್ಟಿಯ ಅಂದಕ್ಕೆ ಮನಸ್ಸು ಕೊಟ್ಟು ಬೆಣೆಯನ್ನು ಕಡೆಗಣಿಸುತ್ತಾರೆ. ಹಳೆಯ ಕೆಲಸಗಾರರು ಕೊಂಬಿನ ಹಿಡಿಗೆ ಸೀಸದ ಬೆಣೆ ಹಾಕುತ್ತಿದ್ದರು, ಅದರ ಭಾರದಿಂದ ತೂಕವೂ ಹೊಂದುತ್ತಿತ್ತು.

ತೂಕ ಹೊಂದುವುದು ಬಲು ಮುಖ್ಯ. ಕತ್ತಿ ತೆರೆದು ಹಿಡಿದಾಗ ಬೆರಳುಗಳು ಕೂರುವುದು ಅಲಗಿನ ಬುಡದ ಮೇಲೆ. ಕಿರುಬೆರಳು ಬಾಲದ ಬಾಗಿನಲ್ಲಿ. ಹಿಡಿ ಹಿಂದೆ ಎತ್ತರಕ್ಕೆ ನಿಂತು ಅಲಗಿನ ಭಾರಕ್ಕೆ ಎದುರುಭಾರವಾಗುತ್ತದೆ. ಹಿಡಿ ತೀರ ಹಗುರವಾದರೆ ಅಲಗು ಕೆನ್ನೆಯ ಕಡೆಗೆ ಮುಗ್ಗರಿಸುತ್ತದೆ, ತೀರ ಭಾರವಾದರೆ ಕೈ ಬೇಗ ಸೋಲುತ್ತದೆ. ಶೆಫೀಲ್ಡಿನ ಹಳೆಯ ಅಲಗುಗಳು ದಪ್ಪ, ಕೊಡಲಿಯ ಬಾಯಿಯಂತೆ ಮಟ್ಟಸವಾಗಿ ಇಳಿದವು. ಅವಕ್ಕೆ ಭಾರದ ಹಿಡಿ ಒಪ್ಪುತ್ತದೆ. ಜೋಲಿಂಗನ್ನಿನ ಅಲಗುಗಳನ್ನು ಎರಡು ಮಗ್ಗುಲಿನಲ್ಲೂ ಕೊರೆದು ಕಾಗದದಷ್ಟು ತೆಳ್ಳಗೆ ಮಾಡಿರುತ್ತಾರೆ. ಅವಕ್ಕೆ ಹಗುರ ಹಿಡಿಯೇ ಸರಿ.

ಬಿಚ್ಚುವಾಗ ಮೊದಲ ಕೆಲಸ ಅಲಗಿನ ಬಾಯಿಗೆ ದಪ್ಪ ಟೇಪು ಸುತ್ತುವುದು. ಹರಿತ ಹೋದ ಕತ್ತಿಯೂ ಬೆರಳನ್ನು ಸೀಳುತ್ತದೆ. ಮೊಳೆಯ ತಲೆಯನ್ನು ಸಣ್ಣ ಅರದಿಂದ ತೇಯ್ದು ಮಟ್ಟ ಮಾಡಬೇಕು. ತೂತಿರುವ ಮರದ ತುಂಡಿನ ಮೇಲೆ ಹಿಡಿಯನ್ನು ಮಲಗಿಸಿ, ಮೊಳೆಗಿಂತ ಸಣ್ಣ ಕಡ್ಡಿಯಿಟ್ಟು ಮೆಲ್ಲಗೆ ತಟ್ಟಿದರೆ ಅದು ಕೆಳಗಿಳಿಯುತ್ತದೆ. ಅವಸರದಿಂದ ಇಕ್ಕುಳ ಹಾಕಿ ಎಳೆದರೆ ಕೊಂಬು ಸೀಳುತ್ತದೆ, ಸೀಳಿದ ಕೊಂಬು ಮತ್ತೆ ಕೂಡುವುದಿಲ್ಲ. ಅಲಗು ಹೊರಬಂದ ಮೇಲೆ ತಿರುಗು ತೂತಿನ ಒಳಗಿನ ತುಕ್ಕನ್ನು ಎಣ್ಣೆ ಹಚ್ಚಿದ ಸಣ್ಣ ಉಪ್ಪುಕಾಗದದಿಂದ ಉಜ್ಜಿ ತೆಗೆಯಬೇಕು. ಅಲಗನ್ನು ಮೋಟಾರಿನ ಸಾಣೆಗೆ ಕೊಡಲೇಬಾರದು. ಉಕ್ಕು 200 ಡಿಗ್ರಿ ದಾಟಿ ಬಿಸಿಯಾಗಿ ಬಣ್ಣ ತಿರುಗಿತೆಂದರೆ ಅದರ ಹದ ಇಳಿಯಿತೆಂದೇ ಅರ್ಥ. ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ಎಷ್ಟೋ ಒಳ್ಳೆಯ ಅಲಗುಗಳು ಹಾಳಾದದ್ದು ತುಕ್ಕಿನಿಂದಲ್ಲ, ತುಕ್ಕು ತೆಗೆಯುವ ಅವಸರದಿಂದ.

ಹೊಸ ಪಟ್ಟಿಗಳನ್ನು ಸುಮಾರು 3 ಮಿಲಿಮೀಟರ್ ದಪ್ಪಕ್ಕೆ ತಂದು, ಎರಡನ್ನೂ ಒಂದಕ್ಕೊಂದು ಅಂಟಿಸಿಕೊಂಡೇ ಆಕಾರಕ್ಕೆ ಕೊಯ್ದು ತೂತು ಕೊರೆಯಬೇಕು. ಬೇರೆಬೇರೆಯಾಗಿ ಕೊರೆದ ತೂತುಗಳು ಎದುರುಬದುರು ಬರುವುದಿಲ್ಲ. ಎರಡು ತೂತುಗಳ ನಡುವಿನ ಅಂತರವನ್ನು ಹಳೆಯ ಹಿಡಿಯಿಂದಲೇ ಎತ್ತಿಕೊಳ್ಳುವುದು ಕ್ಷೇಮ. ಮೊಳೆಗೆ 1.6 ಮಿಲಿಮೀಟರಿನ ಹಿತ್ತಾಳೆ ಕಡ್ಡಿ. ಪಟ್ಟಿಯ ಹೊರಗೆ ಒಂದೊಂದು ಕಡೆ ಒಂದು ಮಿಲಿಮೀಟರಿನಷ್ಟು ಉಳಿಯುವಂತೆ ಕತ್ತರಿಸಿ, ಪುಟ್ಟ ವಾಷರ್ ಹಾಕಿ, ಗುಂಡುತಲೆಯ ಸಣ್ಣ ಸುತ್ತಿಗೆಯಿಂದ ಎರಡೂ ಕಡೆ ಸರದಿಯಂತೆ ತಟ್ಟುತ್ತ ಬಂದರೆ ತಲೆ ಅಣಬೆಯಾಗಿ ಅರಳುತ್ತದೆ. ಇಲ್ಲಿ ಬಲಕ್ಕೆ ಕೆಲಸವಿಲ್ಲ. ಜೋರಾದ ಒಂದೇ ಏಟಿಗೆ ಮೊಳೆ ತೂತಿನೊಳಗೇ ಬಾಗುತ್ತದೆ. ನೂರು ಮೆಲುಪೆಟ್ಟುಗಳಿಂದ ಆಗುವ ಕೆಲಸ ಇದು. ನಾಲ್ಕು ಪೆಟ್ಟಿಗೊಮ್ಮೆ ಅಲಗನ್ನು ತೆರೆದು ಮುಚ್ಚಿ ನೋಡುತ್ತಿರಬೇಕು. ಹೆಬ್ಬೆರಳಿಗೆ ಸುಲಭವಾಗಿ ತೆರೆಯಬೇಕು, ಯಾವ ಓರೆಯಲ್ಲಿ ಬಿಟ್ಟರೂ ತಾನಾಗಿ ಜೋಲಬಾರದು. ಅಲ್ಲಿಗೆ ಸುತ್ತಿಗೆ ಕೆಳಗಿಡಬೇಕು.

ಕೊಂಬೋ ಮರವೋ

ಯಾವ ವಸ್ತುವಿನ ಹಿಡಿ ಒಳ್ಳೆಯದು ಎಂದು ಕೇಳಿದರೆ ನಾನು ಎಮ್ಮೆಕೊಂಬು ಎನ್ನುತ್ತೇನೆ. ಬಿಸಿನೀರಿನಲ್ಲಿ ಮೆತ್ತಗಾಗುತ್ತದೆ, ಒತ್ತಿಟ್ಟರೆ ಮಟ್ಟಸವಾಗುತ್ತದೆ, ಒದ್ದೆ ಬೆರಳಿಗೂ ಜಾರುವುದಿಲ್ಲ. ಉತ್ತರ ಪ್ರದೇಶದ ಸಂಭಲ್ ಕೊಂಬು ಮತ್ತು ಮೂಳೆಯ ಕೆಲಸಕ್ಕೆ ಹೆಸರಾದ ಊರು. ತಿರುವನಂತಪುರದಲ್ಲೂ ಕೊಂಬಿನ ಬಾಚಣಿಗೆ, ಗೊಂಬೆ ಮಾಡುವ ಕಸುಬಿದೆ. ಕೊಂಬಿಗೆ ಎರಡು ಶತ್ರುಗಳು. ಎಣ್ಣೆ ಕಾಣದೆ ಒಣಗಿದರೆ ಪದರ ಬಿಡುತ್ತದೆ; ಮುಚ್ಚಿಟ್ಟು ಮರೆತರೆ ಹುಳು ತಿನ್ನುತ್ತದೆ. ಬಳಸುವವರ ಕೈಯಲ್ಲಿ ಈ ಎರಡೂ ಬಾರವು.

ಮರ ಬೇಕೆನ್ನುವವರಿಗೆ ಕಂಬಂ ಕಣಿವೆಯಲ್ಲೇ ಹುಣಸೆಯ ಕೆಚ್ಚು ಇದೆ. ಕಡುಕಂದು ಬಣ್ಣದ, ಬಿಗಿಯಾದ, ಕಲ್ಲಿನಂತೆ ಭಾರದ ಮರ. ಬೀಟೆ ಇನ್ನೂ ಚೆಂದ, ಆದರೆ ಅದರ ಮೇಲೆ ಕಾನೂನಿನ ಕಟ್ಟು ಇದೆ. ಹಳೆಯ ಪೀಠೋಪಕರಣದ ತುಂಡು ಸಿಕ್ಕಿದರೆ ಮಾತ್ರ ಬಳಸುವುದು ಒಳಿತು. ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಹಾಲೆಮರ ಕಡೆಯಲು ಸೊಗಸು, ಆದರೆ ಮೆದು. ನೀರಿನ ನಡುವೆ ಬಾಳಬೇಕಾದ ಹಿಡಿಗೆ ನಾನು ಅದನ್ನು ಹೇಳಲಾರೆ. ಕತ್ತಿ ಒರೆಸಿಡುವ ತಾಳ್ಮೆ ಇಲ್ಲದವರಿಗೆ ಇಂದಿನ ಅಕ್ರಿಲಿಕ್ಕೇ ವಾಸಿ. ಅದು ಕೊಳೆಯದು, ಅಲಗನ್ನೂ ಕೊಳೆಸದು.

ದಂತದ ವಿಷಯ ಬೇರೆ. ಶೆಫೀಲ್ಡಿನ ಜೋಸೆಫ್ ರಾಜರ್ಸ್‌ನಂಥ ಕಂಪನಿಗಳು ಒಂದು ಕಾಲಕ್ಕೆ ಆನೆದಂತವನ್ನು ರಾಶಿ ಹಾಕಿಟ್ಟುಕೊಂಡು ಹಿಡಿ ಮಾಡುತ್ತಿದ್ದವು. ಅಂಥ ಕತ್ತಿ ನಮ್ಮ ಹಳೆಯ ಮನೆಗಳಲ್ಲೂ ಇರಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ಬಂದ ತಿದ್ದುಪಡಿ ಭಾರತದ ಆನೆದಂತದ ವ್ಯಾಪಾರವನ್ನು ನಿಲ್ಲಿಸಿತು; 1991ರ ತಿದ್ದುಪಡಿ ಆಫ್ರಿಕಾದ ದಂತಕ್ಕೂ ಬಾಗಿಲು ಹಾಕಿತು. ಮೈಸೂರಿನ ಬೀಟೆಮರದ ಕುಸುರಿ ಕೆಲಸದವರು ದಂತ ಬಿಟ್ಟು ಬೇರೆ ವಸ್ತುಗಳಿಗೆ ಹೊರಳಿದರು, ಅವರ ಕಸುಬು ಕೆಡಲಿಲ್ಲ. ಕತ್ತಿಯ ಹಿಡಿಗೆ ದಂತವೇ ಬೇಕೆಂಬ ಹಟಕ್ಕೆ ಯಾವ ಅರ್ಥವೂ ಇಲ್ಲ. ಮನೆಯಲ್ಲಿ ಅಂಥದ್ದಿದ್ದರೆ ಮಾರಲೂ ಹೋಗಬೇಡಿ, ಬಿಚ್ಚಲೂ ಹೋಗಬೇಡಿ. ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ.

ಬೀಗದ ಊರಿನ ಸುತ್ತಿಗೆ

ತೇವಾರಂನ ಹಿರಿಯರು ಹಿಡಿ ಬದಲಿಸಿದ್ದು ತಮ್ಮ ಕೈಯಿಂದಲ್ಲ. “ಮೊಳೆ ಹೊಡೆಯೋದು ಬೀಗದವರ ಕೆಲಸ” ಎಂದರು. ದಿಂಡುಗಲ್ಲಿನಲ್ಲಿ ಬೀಗ ಮಾಡುವ ಪರಿಚಯದವರೊಬ್ಬರ ಬಳಿ ಹೋಗಿ ಕುಳಿತು, ಕಣ್ಣೆದುರೇ ಮಾಡಿಸಿಕೊಂಡು ಬಂದಿದ್ದರು.

ಆ ಮಾತು ನನಗೆ ಬಹಳ ಸರಿ ಎನಿಸಿತು. ದಿಂಡುಗಲ್ ಬೀಗಕ್ಕೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಅಲ್ಲಿನ ಮಾವಿನಕಾಯಿ ಬೀಗ, ಗಂಟೆ ಬೀಗಗಳು ಮನೆ, ಗುಡಿ, ಉಗ್ರಾಣಗಳ ಬಾಗಿಲಲ್ಲಿ ತೂಗಿದಂಥವು. ಬೀಗದ ಒಳಗಿನ ಎಲೆಗಳನ್ನು ಅರದಿಂದ ಕೂದಲೆಳೆಯಷ್ಟು ತೇಯ್ದು, ಒಂದರ ಮೇಲೊಂದು ಕೂರಿಸಿ, ಸಡಿಲವೂ ಆಗದೆ ಬಿಗಿಯೂ ಆಗದೆ ಆಡುವಂತೆ ಮೊಳೆ ಬಡಿಯುವುದು ಅವರ ನಿತ್ಯದ ಕೆಲಸ. ಕ್ಷೌರದ ಕತ್ತಿಯ ತಿರುಗು ಮೊಳೆಗೆ ಬೇಕಾದ್ದು ಇದೇ ಹದ. ಯಂತ್ರದಲ್ಲಿ ತಯಾರಾಗುವ ಅಗ್ಗದ ಬೀಗ, ಅಲೀಗಢದ ಬೀಗ ಬಂದ ಮೇಲೆ ಕೈಕೆಲಸದ ಬೀಗಕ್ಕೆ ಬೇಡಿಕೆ ಕುಸಿದಿದೆ. ಸುತ್ತಿಗೆ ಹಿಡಿದ ಮನೆಗಳ ಮಕ್ಕಳು ಬೇರೆ ಉದ್ಯೋಗಕ್ಕೆ ಹೋಗಿದ್ದಾರೆ. ಮಾನ್ಯತೆಯ ಪತ್ರ ಬಂದರೂ ಮುಂದಿನ ತಲೆಮಾರು ಬಂದಿಲ್ಲ.

ಕರ್ನಾಟಕದಲ್ಲಿ ಕ್ಷೌರಿಕ ಸಮುದಾಯದವರು ಗೌರವಿಸುವ ಹಡಪದ ಅಪ್ಪಣ್ಣನ ಜಯಂತಿಯನ್ನೂ ಸವಿತಾ ಮಹರ್ಷಿಯ ಜಯಂತಿಯನ್ನೂ ಸರ್ಕಾರವೇ ಆಚರಿಸುತ್ತದೆ. 2023ರ ಸೆಪ್ಟೆಂಬರ್ 17ರಂದು ಕೇಂದ್ರ ಸರ್ಕಾರ ತಂದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳ ಪಟ್ಟಿಯಲ್ಲಿ ಕ್ಷೌರಿಕರೂ ಇದ್ದಾರೆ, ಬೀಗ ಮಾಡುವವರೂ ಇದ್ದಾರೆ, ಕಮ್ಮಾರರೂ ಇದ್ದಾರೆ. ಸಲಕರಣೆಗೆಂದು 15,000 ರೂಪಾಯಿಯವರೆಗೆ ನೆರವಿದೆ. ತಮಿಳುನಾಡು ಅದನ್ನು ಒಪ್ಪದೆ, ಜಾತಿಯ ಕಟ್ಟಿಲ್ಲದ ತನ್ನದೇ ಕಲೈಞರ್ ಕೈವಿನೈ ಯೋಜನೆಯನ್ನು 2025ರಲ್ಲಿ ಶುರುಮಾಡಿತು. ಕಸುಬಿಗೆ ಜಾತಿಯ ಬೇಲಿ ಇರಬಾರದೆಂಬ ಮಾತನ್ನು ನಾನು ಒಪ್ಪುತ್ತೇನೆ. ಆದರೆ ನೆರವು ಎಂದರೆ ಹೊಸ ಸಲಕರಣೆ, ಹೊಸ ಸಾಲ ಎಂದೇ ಎಲ್ಲರ ಎಣಿಕೆ. ಇರುವ ಸಲಕರಣೆಯನ್ನು ಬಿಚ್ಚಿ, ತೇಯ್ದು, ಮತ್ತೆ ಕೂಡಿಸುವ ವಿದ್ಯೆಯನ್ನು ಒಬ್ಬ ಹುಡುಗನಿಗೋ ಹುಡುಗಿಗೋ ಕಲಿಸಿದರೆ ಅದಕ್ಕೂ ಹಣ ಸಿಗಬೇಕು. ಹತ್ತಿಪ್ಪತ್ತು ಅಂಗಡಿಗಳಿರುವ ಊರಿನಲ್ಲಿ ಮುರಿದ ಹಿಡಿ, ಸಡಿಲ ಕತ್ತರಿ, ಹರಿತ ಹೋದ ಮಿಷನ್ನುಗಳನ್ನು ಸರಿಮಾಡುವ ಒಬ್ಬರಿಗೆ ಹೊಟ್ಟೆಪಾಡಿಗೆ ಸಾಕಾಗುವಷ್ಟು ಕೆಲಸ ಇದ್ದೇ ಇರುತ್ತದೆ. ಈಗ ಆ ಹಿಡಿಗಳು ಕಸಕ್ಕೆ ಹೋಗುತ್ತಿವೆ, ಜೊತೆಗೆ ಕೆಡದ ಉಕ್ಕಿನ ಪಟ್ಟಿಯೂ ಹೋಗುತ್ತಿದೆ.

ನಿಮ್ಮ ಮನೆಯ ಅಟ್ಟದಲ್ಲೋ ಅಜ್ಜನ ಟ್ರಂಕಿನಲ್ಲೋ ಮಡಚುವ ಕತ್ತಿ ಇದ್ದರೆ ಗುಜರಿಗೆ ಹಾಕಬೇಡಿ. ಹಿಡಿಗೆ ಕರ್ಪೂರದ ವಾಸನೆ ಇದ್ದರೆ ಬೇರೆ ಕತ್ತಿಗಳ ಜೊತೆ ಒಂದೇ ಪೆಟ್ಟಿಗೆಯಲ್ಲಿ ಇಡಬೇಡಿ, ಬಿಸಿಲಿಗೂ ಬೆಂಕಿಗೂ ಹತ್ತಿರ ಇಡಬೇಡಿ. ಬೀಗ ರಿಪೇರಿ ಮಾಡುವವರೋ ಗಡಿಯಾರ ರಿಪೇರಿ ಮಾಡುವವರೋ ಊರಿನಲ್ಲಿದ್ದರೆ ಅವರಿಗೆ ತೋರಿಸಿ, ಹಳೆಯ ಹಿಡಿಯನ್ನು ಅಳತೆಗೆಂದು ಜೊತೆಗೆ ಒಯ್ಯಿರಿ. ಮತ್ತು ಅವರು ಹೇಳಿದ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ. ಆ ನೂರು ಮೆಲುಪೆಟ್ಟಿಗೆ ಒಂದು ಹೊತ್ತಿನ ಕೆಲಸ ಹಿಡಿಯುತ್ತದೆ.